ಅತ್ತೆಯ ಕುರ್ಚಿ ಮತ್ತು ಮೂರು ಕಾರುಗಳು

ಎದ್ದು ನಿಲ್ಲುವುದು ಎಷ್ಟು ದೊಡ್ಡ ವರವೆಂದು ಎದ್ದು ನಿಲ್ಲಬಲ್ಲವರಿಗೆ ತಿಳಿಯುವುದಿಲ್ಲ. ಈ ಕಥೆಯ ಅತ್ತೆಗೆ ತಿಳಿದಿತ್ತು. ದಿನಾ ಬೆಳಗ್ಗೆ ಅವರು ಕೋಲೂರಿಕೊಂಡು ಹಜಾರಕ್ಕೆ ಬಂದು, ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚುತ್ತಿದ್ದರು. ಪ್ರಾರ್ಥನೆ ಉದ್ದವಿರಲಿಲ್ಲ. "ಸ್ವಾಮಿ, ಕೂರಿಸಿದೀಯ. ಏಳಿಸೋದೂ ನಿನ್ನದೇ ಜವಾಬ್ದಾರಿ." ಆಮೇಲೆ ಎರಡೂ ಅಂಗೈಯನ್ನು ಹಲಗೆಯ ಮೇಲೆ ಒತ್ತಿ, ಮುಂದಕ್ಕೆ ಬಾಗಿ, ಒಂದೇ ಉಸಿರಿಗೆ ಏಳುತ್ತಿದ್ದರು. ಅಲ್ಲಿಗೆ ದೇವರೂ ಅವರೂ ಆ ದಿನದ ಮಟ್ಟಿಗೆ ಸರಿಹೋದಂತೆ.

ಆ ಕುರ್ಚಿಗೆ ತೋಳಿರಲಿಲ್ಲ. ನಾಲ್ಕು ಕಾಲಿನ ಅಡಿಗೂ ಮರದ ತುಂಡು ಹೊಡೆದು ಎತ್ತರಿಸಲಾಗಿತ್ತು. ಎರಡು ವರ್ಷದ ಹಿಂದೆ ಸ್ನಾನದ ಮನೆಯಲ್ಲಿ ಜಾರಿ ಅತ್ತೆಯ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದ ಮೇಲೆ ತಗ್ಗಿನ ಆಸನದಿಂದ ಏಳುವುದು ಅವರಿಂದಾಗುತ್ತಿರಲಿಲ್ಲ. "ಕೂತಾಗ ಮಂಡಿಗಿಂತ ಸೊಂಟ ಮೇಲಿರಬೇಕು," ಎಂದಿದ್ದರು ಡಾಕ್ಟರು. ಬಡಗಿ ಬಂದು, ತುಂಡಿನ ಮೇಲೆ ತುಂಡಿಟ್ಟು, ಅತ್ತೆಯನ್ನು ಕೂರಿಸಿ ಏಳಿಸಿ, ಮತ್ತೆ ಕೂರಿಸಿ ಏಳಿಸಿ, "ಇದೇ ನಿಮ್ಮ ಎತ್ತರ ತಾಯಿ," ಎಂದು ಮೊಳೆ ಹೊಡೆದು ಹೋಗಿದ್ದ. ಅತ್ತೆ ಆ ಮನೆಯಲ್ಲೆಲ್ಲ ಎತ್ತರದ ಆಳು. ಬೇರೆ ಯಾರು ಆ ಕುರ್ಚಿಯಲ್ಲಿ ಕೂತರೂ ಕಾಲು ನೆಲಕ್ಕೆ ತಾಗದೆ ತೂಗಾಡುತ್ತಿತ್ತು.

ಮನೆಯ ಹಳೆಯ ಕಾರು ಬಹಳ ತಗ್ಗಿನದು. ಅದರ ಸೀಟಿನಲ್ಲಿ ಕೂತರೆ ಗುಂಡಿಗೆ ಇಳಿದ ಹಾಗೆ. ಆಪರೇಷನ್ ಆಗಿ ತಿಂಗಳಿಗೆ ತಪಾಸಣೆಗೆಂದು ಹೋದ ದಿನ, ಆಸ್ಪತ್ರೆಯ ಬಾಗಿಲಲ್ಲಿ ಅತ್ತೆಗೆ ಕಾರಿನಿಂದ ಏಳಲಾಗಲಿಲ್ಲ. ಮೂವರು ಗಂಡಸರು ಬಂದು ಕಂಕುಳಿಗೆ ಕೈಹಾಕಿ ಎಳೆದು ತೆಗೆದರು. ಅತ್ತೆ ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದದ್ದು ಅದೇ ಆಸ್ಪತ್ರೆಯಲ್ಲಿ. ಅಂದು ಮನೆಗೆ ಬಂದವರೇ ಹೇಳಿದರು:

"ಜನ್ಮವೆಲ್ಲ ನಾನು ಬೇರೆಯವರನ್ನ ಎತ್ತಿದೀನಿ. ಎತ್ತಿಸ್ಕೊಳ್ಳೋರ ಮುಖ ಹೇಗಿರತ್ತೆ ಅಂತ ನನಗೆ ಗೊತ್ತು. ಆ ಮುಖ ನನಗೆ ಬೇಡ. ನನ್ನ ಕಾಲಲ್ಲಿ ಹತ್ತಿ ನನ್ನ ಕಾಲಲ್ಲಿ ಇಳಿಯೋ ಹಾಗಿದ್ರೆ ಗಾಡಿ. ಇಲ್ಲಾಂದ್ರೆ ನನಗೆ ಗಾಡಿಯ ಸಹವಾಸವೇ ಬೇಡ."

ಹೇಳಿದಂತೆ ನಡೆದುಕೊಂಡರು. ಕೋಲೂರಿಕೊಂಡು ಎಷ್ಟು ದೂರ ನಡೆಯಬಹುದೋ ಅಷ್ಟೇ ಅವರ ಲೋಕವಾಯಿತು.

ಆದರೆ ಅತ್ತೆಗೊಬ್ಬರು ಅಕ್ಕ ಇದ್ದರು. ಎಂಬತ್ತನಾಲ್ಕು ವರ್ಷ, ಆರು ಗಂಟೆಯ ದಾರಿ. ಅಕ್ಕನಿಗೆ ಕಿವಿ ಪೂರ್ತಿ ಹೋಗಿತ್ತು. ಫೋನಿನಲ್ಲಿ ಅತ್ತೆ "ಮಂಡಿನೋವು ಹೇಗಿದೆ?" ಎಂದು ಕೂಗಿದರೆ ಆ ಕಡೆಯಿಂದ "ಹೌದು, ಇಲ್ಲೂ ವಿಪರೀತ ಬಿಸಿಲು," ಎಂದು ಉತ್ತರ ಬರುತ್ತಿತ್ತು. ಎದುರಿಗೆ ಕೂತರೆ ಮಾತ್ರ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಿದ್ದರು. ಒಂದು ದಿನ ಅಕ್ಕನಿಂದ ಕಾಗದ ಬಂತು. ನಡುಗುವ ಅಕ್ಷರದಲ್ಲಿ ಎರಡೇ ಸಾಲು: "ಈಗ ಕಣ್ಣಿಗೂ ಪೊರೆ ಬರುತ್ತಿದೆ ಕಣೇ. ಅದು ಪೂರ್ತಿ ಮುಚ್ಚುವ ಮೊದಲು ಒಂದು ಸಲ ನಿನ್ನ ತುಟಿ ನೋಡಬೇಕು."

ಅತ್ತೆ ಕಾಗದ ಮಡಿಚಿ ತಲೆದಿಂಬಿನ ಕೆಳಗಿಟ್ಟರು. ಹಾಸಿಗೆ ಕೊಡವಲು ಹೋದ ಸೊಸೆ ಅದನ್ನು ಓದಿದಳು. ಓದಿ ಹೊರಗೆ ಬಂದವಳೇ ಗಂಡನಿಗೆ ಹೇಳಿದಳು:

"ರೀ, ಹಳೇ ಕಾರು ಕೊಟ್ಬಿಡೋಣ. ಅತ್ತೆ ತಾವಾಗೇ ಕೂತು ತಾವಾಗೇ ಏಳೋ ಗಾಡಿ ಎಲ್ಲಿದ್ರೂ ಹುಡುಕಿ ತರೋಣ."

ಸೊಸೆ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ: ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗೋಡೆಯ ಮೊಳೆಗೆ ನೇತುಹಾಕಿದ ಹಳದಿ ಟೇಪು. ಕೆಲಸ ಕಲಿಸಿದ ಗುರು ಅವಳಿಗೆ ಎರಡು ಮಾತು ಹೇಳಿಕೊಟ್ಟಿದ್ದರು. ಅಳತೆ ತಪ್ಪಿದ ಮೇಲೆ ಕತ್ತರಿಯನ್ನು ಬೈಯಬೇಡ. ಬಟ್ಟೆಯನ್ನು ಮೈಮೇಲೆ ನೋಡು, ಮೊಳೆಯ ಮೇಲೆ ನೋಡಬೇಡ. ಟೇಪೂ ಆ ಗುರುವಿನದೇ. ಅದರ ತುದಿಯ ತಗಡು ಉದುರಿ, ಮೊದಲ ಇಂಚು ಹರಿದುಹೋಗಿ ಎಷ್ಟೋ ವರ್ಷವಾಗಿತ್ತು. ಒಂದರಿಂದಲೇ ಶುರುವಾಗುವ ಆ ಟೇಪಿನಲ್ಲಿ ಏನು ಅಳೆದರೂ ಕೊನೆಗೆ ಒಂದು ಕಳೆಯಬೇಕು. ಸೊಸೆ ಉಸಿರಾಡಿದಷ್ಟೇ ಸಲೀಸಾಗಿ ಕಳೆಯುತ್ತಿದ್ದಳು. ಹೊಸ ಟೇಪು ತಂದುಕೊಟ್ಟರೆ, "ಇದು ಕೈಗೆ ಬಗ್ಗಲ್ಲ," ಎಂದು ಪೆಟ್ಟಿಗೆಗೆ ಹಾಕುತ್ತಿದ್ದಳು.

ಅವಳ ಗಂಡ, ಎಂದರೆ ಅತ್ತೆಯ ಮಗ, ಗಡಿಯಾರ ರಿಪೇರಿಯವನು. ಬೀದಿಯಲ್ಲಿ ಅವನಿಗೆ ಪಟ್ಟಿರಾಯ ಎಂದು ಹೆಸರು. ಪಟ್ಟಿ ಮಾಡದೆ ಅವನು ಸೊಪ್ಪು ತಂದವನೂ ಅಲ್ಲ. ಕಾರಿನ ಮಾತು ಎದ್ದದ್ದೇ ತಡ, ಹೊಸ ನೋಟುಪುಸ್ತಕ ತೆಗೆದು, ಗೀಟು ಹಾಕಿ, ವಾರವಿಡೀ ಫೋನು ಬಿಸಿಯಾಗುವಷ್ಟು ವಿಡಿಯೊ ನೋಡಿದ. ಎತ್ತರದ ಗಾಡಿ ಬೇಕು, ಆದರೆ ಲಾರಿಯ ಹಾಗಿರಬಾರದು. ನಾಲ್ಕು ಜನ ಕಾಲು ಚಾಚಿ ಕೂರಬೇಕು, ಆದರೆ ನಮ್ಮ ಓಣಿಯಲ್ಲಿ ತಿರುಗಬೇಕು. ಹೀಗೆ ಸೋಸಿ ಸೋಸಿ ಕೊನೆಗೆ ಮೂರು ಎಸ್‌ಯುವಿ ಉಳಿದವು. ಬೆಲೆ ಮೂರಕ್ಕೂ ಹೆಚ್ಚುಕಡಿಮೆ ಒಂದೇ. ಮೈಲೇಜು, ಏರ್‌ಬ್ಯಾಗು, ಡಿಕ್ಕಿಯ ಜಾಗ, ಹಿಂದಿನ ಸೀಟಿಗೆ ಏಸಿಯ ಗಾಳಿ ಬರುತ್ತದೋ ಇಲ್ಲವೋ... ಒಟ್ಟು ನಲವತ್ತೊಂದು ಅಂಶ.

"ನಲವತ್ತೆರಡನೇದು ಬರ್ಕೊಳ್ಳಿ," ಎಂದಳು ಸೊಸೆ. "ಸೀಟಿನ ಎತ್ತರ. ಅದು ಅತ್ತೆ ಕುರ್ಚಿಗೆ ಸಮ ಇರ್ಬೇಕು. ಮಿಕ್ಕಿದ್ದೆಲ್ಲ ಆಮೇಲೆ."

"ನಲವತ್ತೆರಡನೇದು ಯಾಕೆ, ಅದೇ ಒಂದನೇದು," ಎಂದು ಪಟ್ಟಿರಾಯ ಇಡೀ ಪಟ್ಟಿಯನ್ನು ಹೊಸದಾಗಿ ಬರೆದ. ಸೊಸೆ ಬಟ್ಟೆ ಕೊಡಲು ಹೊರಗೆ ಹೋಗಿದ್ದಾಗ ಅವಳ ಟೇಪಿನಲ್ಲೇ ಕುರ್ಚಿ ಅಳೆದು, ಮೊದಲ ಪುಟದ ನೆತ್ತಿಯ ಮೇಲೆ ದಪ್ಪಗೆ ಬರೆದಿಟ್ಟ: ಅಮ್ಮನ ಕುರ್ಚಿ, ಇಪ್ಪತ್ತೈದು ಇಂಚು.

ಭಾನುವಾರ ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು ಮೂವರೂ ಶೋರೂಮುಗಳ ಮೆಟ್ಟಿಲು ಹತ್ತಿದರು. ಟೇಪು ಸೊಸೆಯ ಕೊರಳಲ್ಲಿತ್ತು. ದಾರಿಯಲ್ಲಿ ನೋಟುಪುಸ್ತಕದ ನೆತ್ತಿ ನೋಡಿ, "ಯಾವ ಟೇಪಲ್ಲಿ ಅಳೆದ್ರಿ?" ಎಂದು ಕೇಳಿದಳು. "ನಿನ್ನದರಲ್ಲೇ." ಸೊಸೆ ಮನಸ್ಸಿನಲ್ಲೇ ಒಂದು ಕಳೆದಳು. ಇಪ್ಪತ್ತನಾಲ್ಕು.

ಮೊದಲ ಗಾಡಿ ಕಪ್ಪು, ಅಗಲ ಮೈ, ಎತ್ತರ ಹಣೆ. ಮಗಳು ನೋಡಿದ ತಕ್ಷಣ "ಎಮ್ಮೆ" ಎಂದಳು. ಹೆಸರು ನಿಂತೇಹೋಯಿತು. ಸೊಸೆ ಬಾಗಿಲು ತೆಗೆದು, ನೆಲದ ಮೇಲೆ ಮಂಡಿಯೂರಿ, ನೆಲದಿಂದ ಸೀಟಿನ ಅಂಚಿಗೆ ಟೇಪು ಹಿಡಿದಳು. ಕಳೆಯುವುದನ್ನು ಕಳೆದು ಇಪ್ಪತ್ತೊಂಬತ್ತು.

"ಮೇಡಂ, ಇದರ ಸನ್‌ರೂಫ್ ನೋಡಿ..."

"ನಮ್ಮತ್ತೆ ಮೇಲಿನಿಂದ ಇಳಿಯಲ್ಲಪ್ಪ, ಬಾಗಿಲಿಂದ ಇಳೀತಾರೆ," ಎಂದು ಸೊಸೆ ಎದ್ದು ಮಂಡಿ ಕೊಡವಿಕೊಂಡಳು. ಎಮ್ಮೆ ಅಲ್ಲಿಗೆ ಮುಗಿಯಿತು.

ಎರಡನೆಯದು ಬೂದು ಬಣ್ಣ. ಮಿನುಗಿಲ್ಲ, ಕೊಂಕಿಲ್ಲ, ನೆಟ್ಟಗೆ ನಿಂತಿತ್ತು. ಬಾಗಿಲು ಅಗಲ. ಮಗಳು, "ಇದು ಮೇಷ್ಟ್ರು," ಎಂದಳು. ಅಲ್ಲಿ ಗಾಡಿ ತೋರಿಸುತ್ತಿದ್ದವಳು ನಲವತ್ತರ ಆಸುಪಾಸಿನ ಹೆಂಗಸು. ಸೊಸೆ ಟೇಪು ತೆಗೆದಾಗ ಅವಳೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಇನ್ನೊಂದು ತುದಿ ಹಿಡಿದಳು. ಇಪ್ಪತ್ತಾರು.

"ಎರಡಿಂಚು ಜಾಸ್ತಿ," ಎಂದಳು ಸೊಸೆ ಬೇಸರದಿಂದ. ಆ ಬಾಗಿಲು ಅವಳಿಗೆ ಹಿಡಿಸಿತ್ತು.

"ಯಾರಿಗೆ ನೋಡ್ತಿದೀರೋ ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ," ಎಂದಳು ಆ ಹೆಂಗಸು.

"ಅವರು ಬರೋ ಹಾಗಿದ್ರೆ ನಾವು ಗಾಡಿ ಯಾಕಮ್ಮ ನೋಡ್ತಿದ್ವಿ?" ಎಂದ ಪಟ್ಟಿರಾಯ.

ಮೂರನೆಯದು ಕೆಂಪು. ಚಾವಣಿ ಹಿಂದಕ್ಕೆ ಇಳಿಜಾರಾಗಿ, ಕಣ್ಣಂಚಿಗೆ ಕಾಡಿಗೆ ತೀಡಿದಂತೆ ದೀಪಗಳು. "ಮದುಮಗ!" ಎಂದಳು ಮಗಳು. ಪಟ್ಟಿರಾಯನ ಪಟ್ಟಿಯಲ್ಲಿ ಅದಕ್ಕೇ ಎಲ್ಲದಕ್ಕಿಂತ ಹೆಚ್ಚು ಅಂಕ. ಸೊಸೆ ಮಂಡಿಯೂರಿದಳು. ಟೇಪು ಹಿಡಿದಳು. ಇನ್ನೊಮ್ಮೆ ಹಿಡಿದಳು. ಇಪ್ಪತ್ತನಾಲ್ಕು! ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವಳ ಮುಖ ಅರಳಿತು. ದೇವರೇ ಅತ್ತೆಯ ಅಳತೆ ತೆಗೆದು ಈ ಗಾಡಿ ಹೊಲಿಸಿದ್ದಾನೆ ಎನಿಸಿತು. ಟೈ ಕಟ್ಟಿದ ಮಾರಾಟಗಾರ ಕೈ ಉಜ್ಜುತ್ತಾ, "ನಾಳೆ ಬೆಳಗ್ಗೆ ಟೆಸ್ಟ್ ಗಾಡಿ ನಿಮ್ಮ ಮನೆ ಬಾಗಿಲಿಗೇ ತರ್ತೀನಿ ಸರ್," ಎಂದ.

ತಂದ. ಸೋಮವಾರ ಹತ್ತು ಗಂಟೆಗೆ ಮದುಮಗ ಗೇಟಿನ ಮುಂದೆ ಬಂದು ನಿಂತ. ಎದುರು ಮನೆಯವರು ಬಾಲ್ಕನಿಗೆ ಬಂದರು. ಅತ್ತೆ ಒಗೆದ ಸೀರೆ ಉಟ್ಟು, ಕೂದಲು ಬಾಚಿ, ಕೋಲು ಹಿಡಿದು ಹೊರಗೆ ಬಂದರು. ಗಾಡಿಗೆ ಬೆನ್ನು ಮಾಡಿ ನಿಂತು ಮೆಲ್ಲಗೆ ಕುಳಿತರು. ಸೀಟು ಅವರನ್ನು ಒಳಕ್ಕೆಳೆದುಕೊಂಡಿತು. ಕಾಲು ಒಳಗಿಟ್ಟರು, ಹೊರಗಿಟ್ಟರು. ಎಲ್ಲರೂ ನೋಡುತ್ತಿದ್ದರು.

"ಈಗ ಏಳ್ತೀನಿ," ಎಂದರು.

ಅಂಗೈ ಒತ್ತಿದರು, ಬಾಗಿದರು. ಮೈ ಮೇಲೆದ್ದಂತಾಗಿ ಮತ್ತೆ ಕುಸಿಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಹಣೆಯ ಮೇಲೆ ಬೆವರು ಮೂಡಿತು. ಟೈ ಕಟ್ಟಿದವನು ಒಳ್ಳೆಯ ಮನಸ್ಸಿನಿಂದಲೇ, "ನಾನು ಎತ್ತಿಬಿಡ್ತೀನಿ ಅಜ್ಜಿ," ಎಂದು ಕಂಕುಳಿಗೆ ಕೈಹಾಕಲು ಬಂದ.

"ಕೈ ತೆಗಿ," ಎಂದರು ಅತ್ತೆ. ವಾರ್ಡಿನ ದನಿ ಅದು. ಅವನು ಎರಡು ಹೆಜ್ಜೆ ಹಿಂದೆ ಹೋದ.

ಬಾಗಿಲಿನ ಚೌಕಟ್ಟು ಹಿಡಿದು, ಕೋಲಿಗೆ ಜೋತು, ಪಕ್ಕಕ್ಕೆ ಹೊರಳಿ, ಹೇಗೋ ನಿಂತರು. ನಿಂತು ಸೆರಗು ಸರಿಮಾಡಿಕೊಂಡರು. ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ಸೊಸೆಯನ್ನು ಹೆದರಿಸಿದ್ದು ಅದಲ್ಲ, ಮರುದಿನ ಬೆಳಗ್ಗೆ ನಡೆದದ್ದು. ಪ್ರಾರ್ಥನೆ ಮುಗಿಸಿದ ಅತ್ತೆ ಕುರ್ಚಿಯಲ್ಲೇ ಕೂತಿದ್ದರು. ಅಂಗೈ ಹಲಗೆಯ ಮೇಲಿತ್ತು, ಒತ್ತಿರಲಿಲ್ಲ. ತುಂಬ ಹೊತ್ತಾದ ಮೇಲೆ, "ಸ್ವಲ್ಪ ಕೈ ಕೊಡು," ಎಂದರು. ಎರಡು ವರ್ಷದಲ್ಲಿ ಮೊದಲ ಸಲ. ಸೊಸೆ ಕೈ ಕೊಟ್ಟಳು. ಅತ್ತೆ ಎದ್ದರು. ಎತ್ತಿಸಿಕೊಂಡ ಮುಖ ಹೇಗಿರುತ್ತದೆಂದು ಸೊಸೆ ಅಂದು ನೋಡಿದಳು.

"ಕಾಲಿನ ಕಥೆ ಮುಗೀತು ಅನ್ಸತ್ತೆ," ಎಂದರು ಅತ್ತೆ ಶಾಂತವಾಗಿ. "ಅಕ್ಕನಿಗೆ ಬರ್ದುಬಿಡು, ಬರೋಕಾಗಲ್ಲ ಅಂತ."

"ಬರೆಯಲ್ಲ," ಎಂದಳು ಸೊಸೆ.

ಅಳತೆ ಸರಿಯಾಗಿದ್ದರೆ ಬಟ್ಟೆ ಮೈಗೆ ಕೂರಲೇಬೇಕು. ಕೂರಲಿಲ್ಲವೆಂದರೆ ಎಲ್ಲೋ ಅಳತೆ ತಪ್ಪಿದೆ. ಗಿರಾಕಿಯ ಮೈ ತಪ್ಪೆಂದು ಹೇಳುವ ದರ್ಜಿಯನ್ನು ಅವಳ ಗುರು ಅಂಗಡಿಯ ಮೆಟ್ಟಿಲೂ ಹತ್ತಿಸುತ್ತಿರಲಿಲ್ಲ. ಅತ್ತೆ ಸ್ನಾನಕ್ಕೆ ಹೋದಾಗ ಸೊಸೆ ಟೇಪು ತೆಗೆದುಕೊಂಡು ಕುರ್ಚಿಯ ಮುಂದೆ ಮಂಡಿಯೂರಿದಳು. ಟೇಪಿನಲ್ಲಿ ಇಪ್ಪತ್ತಾರು. ಒಂದು ಕಳೆದರೆ ಇಪ್ಪತ್ತೈದು. ನೋಟುಪುಸ್ತಕ ತೆರೆದಳು. ಅಲ್ಲೂ ಇಪ್ಪತ್ತೈದೇ!

"ರೀ, ಬನ್ನಿ ಇಲ್ಲಿ! ಈ ಇಪ್ಪತ್ತೈದು ಟೇಪಲ್ಲಿ ಕಂಡಿದ್ದಾ, ಕಳೆದು ಬರೆದಿದ್ದಾ?"

ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯೊಂದಿಗೇ ಬಂದ ಪಟ್ಟಿರಾಯ. "ಕಳೆದೇ ಬರೆದೆ. ನಿನ್ನ ಟೇಪು ಮೂಗು ಮುರ್ಕೊಂಡಿದೆ ಅಂತ ನನಗೆ ಗೊತ್ತಿಲ್ವಾ? ಹತ್ತೊಂಬತ್ತು ವರ್ಷ ಆಯ್ತು ಅದರ ಜೊತೆ ಸಂಸಾರ ಮಾಡಿ."

"ನಾನೂ ಕಳೆದೆ."

"ನೀನ್ಯಾಕೆ ಕಳೆದೆ?"

"ನೀವು ಮರೆತಿರ್ತೀರ ಅಂತ."

"ನಾನು ಯಾವತ್ತು ಏನು ಮರೆತಿದೀನಿ?"

"ಪಟ್ಟಿ ಮಾಡ್ಲಾ?"

ಪಟ್ಟಿರಾಯ ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡ.

ಸಂಸಾರದಲ್ಲಿ ಇದು ಹೊಸತಲ್ಲ. ಒಬ್ಬರ ಕೊರತೆಯನ್ನು ಇನ್ನೊಬ್ಬರು ಸದ್ದಿಲ್ಲದೆ ಸರಿಮಾಡುತ್ತಾ ಸಾಗುವುದರಿಂದಲೇ ಎಷ್ಟೋ ಮನೆಗಳು ನಿಂತಿರುತ್ತವೆ. ಆದರೆ ಇಬ್ಬರೂ ಒಂದೇ ಕೊರತೆಯನ್ನು, ಒಬ್ಬರಿಗೊಬ್ಬರು ಹೇಳದೆ, ಪ್ರೀತಿಯಿಂದಲೇ ಸರಿಮಾಡಹೊರಟರೆ ಒಂದು ಇಂಚು ಹೋಗುತ್ತದೆ. ಆ ಇಂಚಿನ ಮೇಲೆ ಮೂರನೆಯವರು ಬೀಳುತ್ತಾರೆ.

"ಒಂದಿಂಚಿಗೆ ಇಷ್ಟಾಗತ್ತಾ?" ಎಂದ ಪಟ್ಟಿರಾಯ.

ಸೊಸೆ ಕುರ್ಚಿಯ ಹಲಗೆಯನ್ನು ಅಂಗೈಯಿಂದ ಒತ್ತಿದಳು. ಮರ ಹಾಗೇ ಇತ್ತು. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲಿದ್ದ ಮೆತ್ತೆಯನ್ನು ಒತ್ತಿದಳು. ಅದು ಇಂಚಿನಷ್ಟು ಕುಸಿಯಿತು. ಹಣೆ ಚಚ್ಚಿಕೊಂಡಳು.

"ಖಾಲಿ ಸೀಟು ಅಳೆದೆ ಕಣ್ರೀ. ಯಾರನ್ನೂ ಕೂರಿಸದೆ! ಮದುಮಗನ ಮೇಲೆ ಅತ್ತೆ ಕೂತ್ರೆ ಇಪ್ಪತ್ತಮೂರು. ಕುರ್ಚಿಗಿಂತ ಎರಡಿಂಚು ತಗ್ಗು. ಗುರುಗಳು ಹೇಳಿದ್ದ ಎರಡನೇ ಮಾತು ಅದೇ... ಮೊಳೆ ಮೇಲೆ ನೋಡಬೇಡ ಅಂತ."

"ಹಾಗಾದ್ರೆ ಇಪ್ಪತ್ತಾರಿದ್ರೆ..."

"ಕೂತಾಗ ಇಪ್ಪತ್ತೈದು."

ಇಬ್ಬರೂ ಒಟ್ಟಿಗೇ ಹೇಳಿದರು: "ಮೇಷ್ಟ್ರು!"

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಸೊಸೆ ಅವರ ಮುಂದೆ ನಿಂತು ಏನನ್ನೂ ಮುಚ್ಚಿಡದೆ ಹೇಳಿದಳು. ಬಟ್ಟೆ ಕೆಡಿಸಿದಾಗ ಗಿರಾಕಿಯ ಮುಂದೆ ಹೇಳುವ ಹಾಗೆಯೇ. "ತಪ್ಪು ನಂದು ಅತ್ತೆ. ನಾವಿಬ್ರೂ ಒಂದೊಂದು ಇಂಚು ಕಳೆದ್ವಿ. ಮೆತ್ತೆ ಕುಸಿಯೋದನ್ನ ನಾನು ನೋಡ್ಲೇ ಇಲ್ಲ. ಆ ಸೀಟು ನಿಮ್ಮ ಕುರ್ಚಿಗಿಂತ ಎರಡಿಂಚು ತಗ್ಗಿತ್ತು."

ಅತ್ತೆ ತಮ್ಮ ಕಾಲನ್ನು ನೋಡಿಕೊಂಡರು.

"ಅಂದ್ರೆ ನನ್ನ ಕಾಲಿಗೆ ಏನೂ ಆಗಿಲ್ಲ."

"ಏನೂ ಆಗಿಲ್ಲ."

"ನಿನ್ನೆಯಿಂದ ನಾನು ಆ ದೇವರನ್ನ ಬೈತಾ ಇದೀನಿ. ಬೈಸ್ಕೋಬೇಕಾದೋರು ಇಲ್ಲೇ ಟೇಪು ಹಿಡ್ಕೊಂಡು ನಿಂತಿದೀರಾ!" ಎಂದ ಅತ್ತೆಯ ಮುಖದ ಮೇಲೆ ಸಣ್ಣ ನಗೆ ಹಾಯಿತು. ಕುರ್ಚಿಯಲ್ಲಿ ಕುಳಿತರು. ಸೊಸೆ ಬೆಳಗ್ಗೆ ಮಾಡಿದಂತೆಯೇ ಕೈ ಮುಂದೆ ಮಾಡಿದಳು. ಅತ್ತೆ ಆ ಕೈಯನ್ನು ಪಕ್ಕಕ್ಕೆ ಸರಿಸಿ, ಹಲಗೆ ಒತ್ತಿ, ಬಾಗಿ, ಒಂದೇ ಉಸಿರಿಗೆ ಎದ್ದರು.

"ಎಲ್ಲಿದಾನೆ ಆ ಮೇಷ್ಟ್ರು?"

ಪಟ್ಟಿರಾಯ ಶೋರೂಮಿಗೆ ಫೋನು ಮಾಡಿದ. ಮನೆಗೆ ಟೆಸ್ಟ್ ಗಾಡಿ ತರಲು ಇವತ್ತು ಡ್ರೈವರ್ ಇಲ್ಲ, ಗುರುವಾರ ಕಳಿಸುತ್ತೇವೆ ಎಂದರು.

"ಗುರುವಾರದವರೆಗೆ ಕಾಯೋಕೆ ಇದೇನು ಹೆರಿಗೆನಾ?" ಎಂದರು ಅತ್ತೆ. "ನಡೀರಿ, ನಾವೇ ಹೋಗೋಣ."

"ಅಮ್ಮಾ, ನನ್ನ ಕಾಲಿಗೇ ಹದಿನೈದು ನಿಮಿಷದ ದಾರಿ ಅದು."

"ನನಗೆ ಒಂದು ಗಂಟೆ ಆಗ್ಲಿ. ನನಗೇನು ಬೇರೆ ಕೆಲಸ ಇದೆಯಾ?"

"ನಡುವೆ ಕೂರ್ಬೇಕು ಅನ್ಸಿದ್ರೆ?"

ಅತ್ತೆ ತಮ್ಮ ಕುರ್ಚಿಯನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು. ಪಟ್ಟಿರಾಯನಿಗೆ ಅರ್ಥವಾಯಿತು.

ಹೀಗೆ ಆ ಮಂಗಳವಾರ ಬೆಳಗ್ಗೆ ಬೀದಿಯ ಜನ ಒಂದು ಮೆರವಣಿಗೆ ನೋಡಿದರು. ಮುಂದೆ ಕೋಲೂರಿದ ಎತ್ತರದ ಮುದುಕಿ, ಪಕ್ಕದಲ್ಲಿ ಕೊರಳಿಗೆ ಟೇಪು ಹಾಕಿಕೊಂಡ ಸೊಸೆ, ಹಿಂದೆ ತಲೆಯ ಮೇಲೆ ಕುರ್ಚಿ ಹೊತ್ತ ಮಗ. ಐದು ಕಂಬಕ್ಕೊಮ್ಮೆ ಮಗ ಕುರ್ಚಿ ಇಳಿಸುತ್ತಿದ್ದ. ಅತ್ತೆ ಕೂರುತ್ತಿದ್ದರು, ನೂರು ಎಣಿಸುತ್ತಿದ್ದರು, ಏಳುತ್ತಿದ್ದರು. ಸೈಕಲ್ ಅಂಗಡಿಯ ಮುಂದೆ ಒಮ್ಮೆ, ಬ್ರೆಡ್ಡಿನ ಅಂಗಡಿಯ ಬಿಸಿ ಗಾಳಿ ತಾಕುವಲ್ಲಿ ಒಮ್ಮೆ, ಬ್ಯಾಂಕಿನ ನೆರಳಲ್ಲಿ ಒಮ್ಮೆ.

"ಏನು ಪಟ್ಟಿರಾಯರೇ, ಕುರ್ಚಿ ಬಿಟ್ಟುಕೊಡಲ್ಲ ಅಂತ ತಲೆ ಮೇಲೇ ಇಟ್ಕೊಂಡುಬಿಟ್ರಾ?" ಎಂದ ಸೈಕಲ್ ಅಂಗಡಿಯವನು.

"ಕುರ್ಚಿ ಅಮ್ಮಂದು. ನಾನು ಬರೀ ಕಾಲಾಳು," ಎಂದ ಪಟ್ಟಿರಾಯ ಏದುಸಿರಿನಲ್ಲಿ.

ಬ್ಯಾಂಕಿನ ಮುಂದೆ ಅತ್ತೆಯ ಕಾಲು ನಡುಗುವುದನ್ನು ಸೊಸೆ ಕಂಡಳು. "ವಾಪಸ್ ಹೋಗೋಣವಾ?" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಅತ್ತೆ ಆ ಸಲ ನೂರರ ಬದಲು ಇನ್ನೂರು ಎಣಿಸಿದರು. ಎದ್ದರು.

ಶೋರೂಮಿನ ಗಾಜಿನ ಬಾಗಿಲು ತೆರೆದದ್ದು ಅದೇ ಹೆಂಗಸು. ತಲೆಯ ಮೇಲೆ ಕುರ್ಚಿ ಹೊತ್ತ ಗಿರಾಕಿಯನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಆದರೂ ನಗಲಿಲ್ಲ. ಸೊಸೆಯ ಕೊರಳ ಟೇಪಿನ ಮೇಲೆ ಕಣ್ಣು ಹೋದದ್ದೇ, "ಓ, ಕರ್ಕೊಂಡೇ ಬಂದ್ರಾ!" ಎಂದಳು.

ಸೊಸೆ ಟೇಪಿಗೆ ಕೈಹಾಕಲಿಲ್ಲ. "ಕುರ್ಚಿ ಪಕ್ಕದಲ್ಲೇ ಇಡಿ," ಎಂದಳು ಗಂಡನಿಗೆ. ಮೇಷ್ಟ್ರ ಹಿಂಬಾಗಿಲು ತೆರೆದು, ಸೀಟಿನ ಅಂಚಿಗೆ ತಾಗುವಂತೆ ಕುರ್ಚಿ ನಿಲ್ಲಿಸಿದರು. ಸೀಟು ಹಲಗೆಗಿಂತ ಒಂದು ಬೆರಳು ಎತ್ತರವಿತ್ತು. ಸೊಸೆ ತಾನೇ ಹೋಗಿ ಅದರ ಮೇಲೆ ಕೂತಳು. "ಈಗ ನೋಡ್ರೀ." ಪಟ್ಟಿರಾಯ ಬಗ್ಗಿ, ಒಂದು ಕಣ್ಣು ಮುಚ್ಚಿ, ಗಡಿಯಾರದ ಮುಳ್ಳು ನೋಡುವಂತೆ ನೋಡಿದ. "ಸಮ," ಎಂದ.

"ಅದನ್ನ ನನ್ನ ಕಾಲು ಹೇಳ್ಲಿ," ಎಂದರು ಅತ್ತೆ. ಕುರ್ಚಿ ಸರಿಸಲು ಹೇಳಿದರು. ಬೆನ್ನು ಮಾಡಿ ನಿಂತು, ಕುಳಿತರು. ಕಾಲನ್ನು ಒಂದೊಂದಾಗಿ ಒಳಗಿಟ್ಟರು. ಬಾಗಿಲು ಹಾಕಿಸಿದರು. ಗಾಜಿನ ಒಳಗೆ ಅವರು ಕಣ್ಣು ಮುಚ್ಚಿದ್ದು ಕಂಡಿತು, ತುಟಿ ಅಲುಗಿದ್ದು ಕಂಡಿತು. ಏನು ಹೇಳಿದರೆಂದು ಸೊಸೆಗೆ ಗೊತ್ತಿತ್ತು. ಆಮೇಲೆ ಬಾಗಿಲು ತೆರೆದುಕೊಂಡಿತು.

"ಎಲ್ರೂ ಆ ಕಡೆ ತಿರುಗಿ."

ಎಲ್ಲರೂ ತಿರುಗಿದರು. ಮೂವರ ಬೆನ್ನ ಹಿಂದೆ ಸೀರೆಯ ಸರಭರ, ಒಂದು ದೀರ್ಘ ಉಸಿರು, ಕೋಲಿನ ತುದಿ ನೆಲಕ್ಕೆ ತಾಗಿದ ಸದ್ದು. ಆಮೇಲೆ ಏನೂ ಇಲ್ಲ. ಸೊಸೆಗೆ ಆ ನಿಶ್ಶಬ್ದ ಯುಗದಂತಾಯಿತು. ತಿರುಗಿ ನೋಡಿದಳು. ಅತ್ತೆ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ಒಂದು ಸಲ ಆದ್ರೆ ಅದೃಷ್ಟ," ಎಂದರು. ಮತ್ತೆ ಕೂತರು, ಎದ್ದರು. ಇನ್ನೊಮ್ಮೆ ಕೂತರು, ಎದ್ದರು. "ಮೂರು ಸಲ ಆದ್ರೆ ಮಾತ್ರ ವಾರ್ಡಿಂದ ಮನೆಗೆ ಕಳಿಸ್ತಿದ್ವಿ."

ಪಟ್ಟಿರಾಯ ನೋಟುಪುಸ್ತಕ ತೆಗೆದು ಮಿಕ್ಕ ನಲವತ್ತೊಂದು ಅಂಶ ಓದಲು ಶುರುಮಾಡಿದ. ಸೊಸೆ ಪುಸ್ತಕ ಮುಚ್ಚಿ, ಆ ಹೆಂಗಸಿಗೆ, "ಇದನ್ನೇ ಬುಕ್ ಮಾಡ್ಕೊಳ್ಳಿ," ಎಂದಳು.

"ಡ್ರೈವರ್ ಇಲ್ದಿದ್ರೆ ಏನಂತೆ, ನಾನಿದೀನಲ್ಲ," ಎಂದು ಆ ಹೆಂಗಸು ಟೆಸ್ಟ್ ಗಾಡಿಯ ಬೀಗದ ಕೈ ತಂದಳು. ಎರಡು ವರ್ಷದ ನಂತರ ಅತ್ತೆ ಗಾಡಿಯಲ್ಲಿ ಕೂತು ಬೀದಿ ನೋಡಿದರು. ಕುರ್ಚಿ ಡಿಕ್ಕಿಯಲ್ಲಿತ್ತು. ಪಟ್ಟಿರಾಯ ಸದ್ದಿಲ್ಲದೆ ಒಂದು ಸಾಲು ಬರೆದುಕೊಂಡ: ಡಿಕ್ಕಿ, ಕುರ್ಚಿ ಹಿಡಿಸುತ್ತದೆ.

ಗೇಟಿನ ಮುಂದೆ ರಸ್ತೆ ಚರಂಡಿಯ ಕಡೆಗೆ ಇಳಿಜಾರು. ಗಾಡಿ ನಿಂತಿತು. ಅತ್ತೆ ಬಾಗಿಲು ತೆರೆದು, ನೆಲ ನೋಡಿ, "ಇಲ್ಲಿ ನೆಲ ತಗ್ಗಿದೆ. ಎರಡು ಮಾರು ಮುಂದೆ ತಗೋಮ್ಮ," ಎಂದರು. ಹೆಂಗಸು ಮುಂದೆ ತೆಗೆದುಕೊಂಡಳು. ಅತ್ತೆ ಇಳಿದರು. ಎದುರು ಮನೆಯ ಬಾಲ್ಕನಿಯವರು ನೋಡುತ್ತಿದ್ದರು. ಈ ಸಲ ಯಾರಿಗೂ ತಿರುಗಿ ನಿಲ್ಲಲು ಅವರು ಹೇಳಲಿಲ್ಲ.

"ಕುರ್ಚಿ ಒಳಗೇ ಇರ್ಲಿ ಬಿಡು, ಅಕ್ಕನ ಮನೇಲಿ ಬೇಕಾಗತ್ತೆ."

"ಅಯ್ಯೋ ಅಜ್ಜಿ, ಇದು ಟೆಸ್ಟ್ ಗಾಡಿ. ನಿಮ್ಮದು ಬರೋಕೆ ಮೂರು ವಾರ ಇದೆ!" ಎಂದಳು ಆ ಹೆಂಗಸು.

"ಮೂರು ವಾರ ತಾನೇ," ಎಂದು ಅತ್ತೆ ಒಳಗೆ ನಡೆದರು.

ಸಂಜೆ ಮೊಮ್ಮಗಳು ಕಾಲೇಜಿನಿಂದ ಬಂದಾಗ ಅತ್ತೆ ಕಿಟಕಿಯ ಪಕ್ಕಕ್ಕೆ ಮರಳಿದ ಕುರ್ಚಿಯಲ್ಲಿ ಅವಳಿಗೋಸ್ಕರ ಕಾಯುತ್ತಿದ್ದರು. ಕಾಗದ, ಪೆನ್ನು ಆಗಲೇ ಮೇಜಿನ ಮೇಲಿತ್ತು.

"ದಪ್ಪ ಅಕ್ಷರದಲ್ಲಿ ಬರಿ, ಅವಳಿಗೆ ಕಣ್ಣು ಮಂಜು," ಎಂದು ಹೇಳಿ ಬರೆಸಿದರು:

"ಅಕ್ಕಾ, ಮೂರು ವಾರ ಕಣ್ಣು ಕಾಪಾಡಿಕೋ. ನನ್ನ ಕಾಲಲ್ಲೇ ಹತ್ತಿ, ನನ್ನ ಕಾಲಲ್ಲೇ ನಿನ್ನ ಬಾಗಿಲಲ್ಲಿ ಇಳಿಯುತ್ತೇನೆ. ಹಿಡಿಯಲು ಯಾರನ್ನೂ ನಿಲ್ಲಿಸಬೇಡ. ನಿನ್ನ ಮನೆಯ ತಗ್ಗು ಕುರ್ಚಿಗಳನ್ನೆಲ್ಲ ಪಕ್ಕಕ್ಕೆ ಸರಿಸು. ನನ್ನದನ್ನು ನಾನೇ ತರುತ್ತೇನೆ."